ನೀರೆತ್ತುವ ಯಂತ್ರವೂ ಬೇಸಾಯಗಾರನ ವಿವೇಚನೆಯೂ

ಯಂತ್ರಸಾಧನಗಳು ಹೆಚ್ಚಿದಂತೆಲ್ಲ ಮನುಷ್ಯನ ಬುದ್ಧಿಯೂ ಕೈಕೆಲಸದ ನೈಪುಣ್ಯವೂ ಕುಂದುತ್ತ ಹೋಗುವುವೆಂಬ ಆಕ್ಷೇಪಣೆಯನ್ನು ಗ್ರಾಮಗಳ ಅರಳೀಕಟ್ಟೆಯ ಮೇಲೆ ಈಗ ಆಗಾಗ್ಗೆ ಕೇಳಬಹುದಾಗಿದೆ. ಲೆಕ್ಕಕ್ಕೆ ಫೋನು, ಮಳೆಗೆ ಫೋನು, ದಾರಿಗೆ ಫೋನು, ಕೊನೆಗೆ ನೀರು ಹಾಯಿಸುವುದಕ್ಕೂ ಫೋನು ಎಂದಾದ ಮೇಲೆ ತಲೆಗೆ ಉಳಿದ ಕೆಲಸವೇನೆಂದು ಹಿರಿಯರು ಕೇಳುವರು. ಕಿರಿಯರು ನಕ್ಕು ಸುಮ್ಮನಾಗುವರು. ಈ ಆಕ್ಷೇಪಣೆ ಬಹು ಹಳೆಯದು. ಗ್ರೀಸ್ ದೇಶದ ತತ್ತ್ವಜ್ಞಾನಿಯಾದ ಪ್ಲೇಟೋ ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆಯೇ ತನ್ನ ಸಂವಾದವೊಂದರಲ್ಲಿ, ಬರೆವಣಿಗೆಯ ವಿದ್ಯೆಯು ಜನರಿಗೆ ಮರೆವನ್ನು ತರುವುದೆಂಬ ಮಾತನ್ನು ಈಜಿಪ್ಟಿನ ಅರಸನೊಬ್ಬನ ಬಾಯಲ್ಲಿ ಹೇಳಿಸಿರುವನು. ಆ ಮಾತು ಇಂದಿನವರೆಗೆ ಉಳಿದು ಬಂದಿರುವುದು ಬರೆವಣಿಗೆಯಿಂದಲೇ ಎಂಬುದನ್ನು ನೆನೆದರೆ, ಹೊಸ ಸಾಧನಗಳನ್ನೆಲ್ಲ ಒಟ್ಟಾಗಿ ಬೈಯುವವರು ತುಸು ತಡೆದು ಮಾತನಾಡಬೇಕಾಗುವುದು.

ಆದುದರಿಂದ ಯಂತ್ರವೆಂಬ ಹೆಸರು ಹೊತ್ತುದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದಕ್ಕಿಂತ, ರಯಿತರ ಕಣ್ಣೆದುರಿಗೇ ಇರುವ ಒಂದು ಯಂತ್ರವನ್ನು ಹಿಡಿದು, ಅದು ಏನನ್ನು ಕೊಟ್ಟಿತು, ಏನನ್ನು ತೆಗೆದುಕೊಂಡು ಹೋಯಿತು ಎಂದು ಲೆಕ್ಕ ಹಾಕುವುದು ಲೇಸು. ನೀರೆತ್ತುವ ಪಂಪು ಇದಕ್ಕೆ ತಕ್ಕ ಉದಾಹರಣೆ.

ಬಯಲುಸೀಮೆಯ ಯಾವುದೇ ಗ್ರಾಮದಲ್ಲಿ ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ ಹೊಲಗಳ ಕಡೆಗೆ ಕಿವಿಗೊಟ್ಟರೆ ಒಂದು ವಿಚಿತ್ರವು ತಿಳಿಯುವುದು. ಮೂರು ಫೇಸಿನ ವಿದ್ಯುತ್ತು ಬಂದೊಡನೆ, ಒಬ್ಬ ಮನುಷ್ಯನೂ ಎದ್ದು ಹೋಗದೆ, ಹತ್ತಾರು ಪಂಪುಗಳು ಒಮ್ಮೆಲೇ ಹೊರಡುವುವು. ಸ್ಟಾರ್ಟರಿಗೆ ಜೋಡಿಸಿದ ಸಣ್ಣದೊಂದು ಆಟೋಮ್ಯಾಟಿಕ್ ಪೆಟ್ಟಿಗೆಯು ಆ ಕೆಲಸವನ್ನು ಮಾಡುತ್ತದೆ. ಒಡೆಯನು ಮನೆಯಲ್ಲಿ ನಿದ್ರಿಸುತ್ತಿರುವನು. ಕತ್ತಲಲ್ಲಿ ಹಾವುಹುಪ್ಪಟೆಗಳ ಭಯವಿಲ್ಲದೆ ಆತನು ಮಲಗಿರುವುದು ನಿಜವಾಗಿಯೂ ದೊಡ್ಡ ಉಪಕಾರವೇ. ಆದರೆ ನೀರು ಯಾವ ಪಾತಿಗೆ ಹೋಗುತ್ತಿದೆ, ಆ ಪಾತಿಗೆ ಅಂದು ನೀರು ಬೇಕಾಗಿತ್ತೆ, ಬದು ಒಡೆದು ಹಳ್ಳಕ್ಕೆ ಹರಿಯುತ್ತಿದೆಯೆ ಎಂಬುದನ್ನು ನೋಡುವವರು ಮಾತ್ರ ಅಲ್ಲಿ ಯಾರೂ ಇಲ್ಲ. ಎಲ್ಲ ಪಂಪುಗಳೂ ಒಂದೇ ಕ್ಷಣದಲ್ಲಿ ಎಳೆಯುವುದರಿಂದ ಟ್ರಾನ್ಸ್‌ಫಾರ್ಮರು ಸುಟ್ಟು, ವಾರಗಟ್ಟಲೆ ಇಡೀ ಊರೇ ಬೆಳೆ ಒಣಗಿಸಿಕೊಂಡು ಕಾಯುವ ಪ್ರಸಂಗವೂ ಅನೇಕ ಗ್ರಾಮಗಳಿಗೆ ಗೊತ್ತಿರತಕ್ಕುದೇ ಆಗಿದೆ.

ಇದನ್ನು ಕಪಿಲೆಯ ಕಾಲದೊಡನೆ ಹೋಲಿಸಬಹುದು. ಒಂದು ಎಕರೆ ಜಮೀನಿನ ಮೇಲೆ ಒಂದು ಅಂಗುಲದಷ್ಟು ನೀರು ನಿಲ್ಲಿಸಬೇಕಾದರೆ ಸುಮಾರು 1,02,800 ಲೀಟರು ನೀರು ಬೇಕು. ಕಪಿಲೆಯ ತೊಗಲು ಚೀಲವೊಂದರಲ್ಲಿ ನೂರು ಲೀಟರು ಬರುವುದೆಂದು ಇಟ್ಟುಕೊಂಡರೆ, ಎತ್ತುಗಳ ಜೋಡಿಯು ಆ ಇಳಿಜಾರಿನಲ್ಲಿ ಸಾವಿರ ಸಲಕ್ಕೂ ಮೇಲ್ಪಟ್ಟು ಇಳಿದು ಹಿಂದಕ್ಕೆ ಹತ್ತಬೇಕಾಗುತ್ತಿದ್ದಿತು. ನಿಮಿಷಕ್ಕೊಂದು ಚೀಲವೆಂದರೂ ಹದಿನೇಳು ಗಂಟೆಯ ದುಡಿಮೆ. ಎತ್ತಿನ ಬೆವರನ್ನೂ ತನ್ನ ಬೆವರನ್ನೂ ಸುರಿಸಿ ಎತ್ತಿದ ನೀರನ್ನು ಯಾವ ಒಕ್ಕಲಿಗನೂ ಹಳ್ಳಕ್ಕೆ ಬಿಡುತ್ತಿರಲಿಲ್ಲ. ಯಾವ ಪಾತಿಗೆ ಎಷ್ಟು ಚೀಲ, ಯಾವ ಬೆಳೆಗೆ ಎಷ್ಟು ದಿನಕ್ಕೊಂದು ಸಲ, ಮೋಡ ಕವಿದ ದಿನ ಎಷ್ಟು ಕಡಿಮೆ ಎಂಬುದೆಲ್ಲವೂ ಆತನಿಗೆ ಗೊತ್ತಿರಲೇಬೇಕಾಗಿತ್ತು. ಬಾವಿಯ ನೀರು ಇಂದು ಎಷ್ಟು ಮೆಟ್ಟಲು ಇಳಿಯಿತು, ಬೆಳಗಾಗುವುದರೊಳಗೆ ಎಷ್ಟು ಏರಿತು ಎಂಬುದನ್ನು ನೋಡಿಯೇ ಮುಂದಿನ ಬೆಳೆಯ ವಿಸ್ತೀರ್ಣವನ್ನು ಆತನು ನಿಶ್ಚಯಿಸುತ್ತಿದ್ದನು. ಬಾವಿಯೇ ಅವನ ಖಾತೆಪುಸ್ತಕವಾಗಿದ್ದಿತು.

ಹಾಗೆಂದು ಕಪಿಲೆಯ ಕಾಲವನ್ನು ಸ್ವರ್ಗವೆಂದು ವರ್ಣಿಸುವುದು ಸುಳ್ಳಾಗುವುದು. ಎತ್ತುಗಳ ಹೆಗಲು ಹುಣ್ಣಾಗುತ್ತಿದ್ದಿತು. ಮನೆಯ ಹುಡುಗರು ಶಾಲೆಗೆ ಹೋಗುವ ಬದಲು ಮಡೆ ತಿರುಗಿಸಲು ನಿಲ್ಲಬೇಕಾಗಿತ್ತು. ಹಗಲೆಲ್ಲ ದುಡಿದರೂ ನೀರು ಕಾಣುತ್ತಿದ್ದುದು ಸ್ವಲ್ಪ ನೆಲವೇ. ಆ ದುಡಿಮೆಯನ್ನು ಪಂಪು ತಪ್ಪಿಸಿದುದಕ್ಕಾಗಿ ಕಣ್ಣೀರು ಹಾಕುವವರು, ಒಂದು ದಿನವಾದರೂ ಹಗ್ಗದ ಮೇಲೆ ಕುಳಿತು ಕಪಿಲೆ ಹೊಡೆದವರಾಗಿರಲಾರರು. ರಾಗಿ ಬೀಸುವ ಕಲ್ಲಿನ ವಿಷಯವೂ ಅಂತಹುದೇ. ಹಿಟ್ಟಿನ ಗಿರಣಿ ಬಂದು ಹೆಣ್ಣುಮಕ್ಕಳ ಬೆಳಗಿನ ಜಾವದ ನಿದ್ರೆ ಉಳಿಯಿತು. ಅದರಿಂದ ಯಾರ ಬುದ್ಧಿಯೂ ಮಂಕಾಗಲಿಲ್ಲ.

ಹಾಗಾದರೆ ಪಂಪಿನಲ್ಲಿ ತಪ್ಪೇನು? ಪಂಪು ದುಡಿಮೆಯನ್ನು ತೆಗೆದುಕೊಂಡಿತು. ಅದರ ಸಂಗಡವೇ, ಯಾರೂ ಕೊಡದಿದ್ದ ಇನ್ನೊಂದನ್ನೂ ಸದ್ದಿಲ್ಲದೆ ತೆಗೆದುಕೊಂಡು ಹೋಯಿತು. ಅದು ನೋಡುವ ಅಭ್ಯಾಸ. ಚೀಲ ಎಣಿಸುವ ಕೆಲಸ ತಪ್ಪಿದೊಡನೆ ನೀರನ್ನು ಎಣಿಸುವ ಕೆಲಸವೂ ತಪ್ಪಿತು. ನೀರಿನ ಮಟ್ಟವು ಸೇದುವ ಬಾವಿಯಲ್ಲಿ ಕಣ್ಣಿಗೆ ಕಾಣುತ್ತಿದ್ದಿತು. ಆರಂಗುಲ ಅಗಲದ ಕೊಳವೆ ಬಾವಿಯೊಳಗೆ ಏನಾಗುತ್ತಿದೆಯೆಂಬುದು ಪಂಪು ಗಾಳಿ ಕಕ್ಕುವ ದಿನದವರೆಗೂ ತಿಳಿಯದು. ಐದು ಅಶ್ವಶಕ್ತಿಯ ಮೋಟಾರು ಏಳು ಗಂಟೆ ಓಡಿದರೆ ಇಪ್ಪತ್ತಾರು ಯೂನಿಟ್ಟಿಗೆ ಕಡಿಮೆಯಿಲ್ಲದೆ ವಿದ್ಯುತ್ತು ಖರ್ಚಾಗುವುದು. ಆದರೆ 2008ರಿಂದ ಕರ್ನಾಟಕದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾದ ಕಾರಣ, ಆ ಲೆಕ್ಕವೂ ಒಡೆಯನ ಕಣ್ಣಿಗೆ ಬೀಳುವುದಿಲ್ಲ. ಬಡ ಬೇಸಾಯಗಾರನಿಗೆ ಅದರಿಂದಾದ ಸಹಾಯವನ್ನು ಅಲ್ಲಗಳೆಯುವಂತಿಲ್ಲ. ಆದರೂ ಬೆವರಿನ ಲೆಕ್ಕವಿಲ್ಲ, ಮಟ್ಟದ ಲೆಕ್ಕವಿಲ್ಲ, ಹಣದ ಲೆಕ್ಕವೂ ಇಲ್ಲವೆಂದ ಮೇಲೆ ವಿವೇಚನೆಗೆ ಹಿಡಿಯಲು ಯಾವ ಕೊಂಬೆಯೂ ಉಳಿಯದೆ ಹೋಯಿತು.

ಇದರ ಫಲವನ್ನು ಪೈರೇ ಹೇಳುತ್ತದೆ. ಟೊಮೆಟೊ ತಾಕಿನಲ್ಲಿ ನೀರು ಮಿತಿಮೀರಿದರೆ ಬೇರಿಗೆ ಗಾಳಿಯಾಡದೆ ಎಲೆ ಹಳದಿಗೆ ತಿರುಗುವುದು. ಕೊಟ್ಟ ಗೊಬ್ಬರದ ಸಾರವು ಬೇರಿನ ಕೆಳಕ್ಕೆ ಇಳಿದು ಹೋಗುವುದು. ಬುಡ ಕೊಳೆಯುವ ರೋಗಗಳಿಗೆ ದಾರಿಯಾಗುವುದು. ಹಳದಿ ಎಲೆಯನ್ನು ಕಂಡ ರಯಿತನು ಅದರ ಫೋಟೋ ಹಿಡಿದು ಅಂಗಡಿಗೆ ಹೋಗುವನು. ಅಂಗಡಿಯವನು ಒಂದು ಔಷಧಿಯನ್ನೂ ಇನ್ನಷ್ಟು ಗೊಬ್ಬರವನ್ನೂ ಕೊಡುವನು. ರಾತ್ರಿ ಮತ್ತೆ ಪಂಪು ತಾನಾಗಿ ಹೊರಡುವುದು. ಮೊಳಕೈ ಉದ್ದದ ಒಂದು ಗುಂಡಿ ತೋಡಿ ಬೇರಿನ ಬಳಿಯ ಮಣ್ಣನ್ನು ಹಿಡಿದು ನೋಡಿದ್ದರೆ ಕಾಸಿಲ್ಲದೆ ತಿಳಿಯುತ್ತಿದ್ದ ಸಂಗತಿಗೆ ಮೂರು ಕಡೆ ಹಣ ತೆರಬೇಕಾಗಿ ಬರುವುದು. ಕೋಲಾರದಂತಹ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿ ಕೊರೆದರೂ ನೀರು ಕಾಣದ ಕೊಳವೆ ಬಾವಿಗಳು ಎಷ್ಟೋ ಇವೆ. ಒಂದು ಬತ್ತಿತೆಂದು ಇನ್ನೊಂದನ್ನು, ಅದೂ ಬತ್ತಿತೆಂದು ಮತ್ತೊಂದನ್ನು ಕೊರೆಯಿಸಿ ಲಕ್ಷಗಟ್ಟಲೆ ಸಾಲ ಹೊತ್ತ ಕುಟುಂಬಗಳು ಯಾವ ಗ್ರಾಮದಲ್ಲಿ ಇಲ್ಲ?

ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಕೈಯ ಹದ ತಪ್ಪುವುದು ಬೇಸಾಯಗಾರರಿಗೆ ಮಾತ್ರ ಸೇರಿದ ದೋಷವಲ್ಲ. ದೊಡ್ಡ ವಿಮಾನಗಳನ್ನು ಬಹು ಕಾಲದಿಂದ ಯಂತ್ರವೇ ನಡೆಸುತ್ತ ಬಂದಿದೆ. ಚಾಲಕರಿಗೆ ಕೈಯಿಂದ ವಿಮಾನ ನಡೆಸುವ ಅಭ್ಯಾಸ ಕಡಿಮೆಯಾಗುತ್ತಿರುವುದನ್ನು ಗಮನಿಸಿ ಅಮೆರಿಕದ ವಿಮಾನಯಾನ ಆಡಳಿತವು 2013ರ ಜನವರಿಯಲ್ಲಿ ಒಂದು ಸೂಚನೆಯನ್ನು ಹೊರಡಿಸಿ, ಅನುಕೂಲವಿದ್ದಾಗಲೆಲ್ಲ ಕೈಯಿಂದಲೇ ನಡೆಸುವುದಕ್ಕೆ ಚಾಲಕರಿಗೆ ಪ್ರೋತ್ಸಾಹ ಕೊಡಬೇಕೆಂದು ಕಂಪೆನಿಗಳಿಗೆ ತಿಳಿಸಿತು. ಲಂಡನ್ ನಗರದ ಟ್ಯಾಕ್ಸಿ ಚಾಲಕರು ಲೈಸೆನ್ಸು ಪಡೆಯಬೇಕಾದರೆ ಸಾವಿರಾರು ಬೀದಿಗಳನ್ನು ಬಾಯಿಪಾಠವಾಗಿ ಕಲಿಯಬೇಕು. 2000ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ ಅವರ ಮಿದುಳನ್ನು ಪರೀಕ್ಷಿಸಿದಾಗ, ದಾರಿ ಸ್ಥಳಗಳ ನೆನಪಿಗೆ ಸಂಬಂಧಿಸಿದ ಒಂದು ಭಾಗವು ಇತರರಲ್ಲಿರುವುದಕ್ಕಿಂತ ದೊಡ್ಡದಾಗಿರುವುದು ಕಂಡುಬಂದಿತು. ಗರಡಿಯಲ್ಲಿ ಸಾಮು ಮಾಡಿದ ತೋಳು ಬಲಿಯುವುದನ್ನು ಎಲ್ಲರೂ ಬಲ್ಲರು. ನೆನಪಿಗೂ ಅಂತಹುದೊಂದು ಗರಡಿಯುಂಟೆಂದು ಇದರಿಂದ ಊಹಿಸಬಹುದು.

ಪಂಪಿಗಿಂತಲೂ ಹೆಚ್ಚಿನ ನಷ್ಟವಾಗಿರುವುದು ಕೆರೆಯ ವಿಷಯದಲ್ಲಿ. ಕರ್ನಾಟಕದಲ್ಲಿ 36,000ಕ್ಕೂ ಮೇಲ್ಪಟ್ಟು ಕೆರೆಗಳುಂಟು. ಅಚ್ಚುಕಟ್ಟಿಗೆ ನೀರು ಹಂಚುವ ಕೆಲಸವು ಹಿಂದೆ ನೀರುಗಂಟಿಯದಾಗಿದ್ದಿತು. ತೂಬನ್ನು ಎಷ್ಟು ತೆರೆಯಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು, ತಲೆಗಾಲುವೆಯ ಗದ್ದೆಗೆ ನೀರು ತುಂಬಿದ ಮೇಲೆ ಕೊನೆಯ ಗದ್ದೆಯವನಿಗೆ ತಲಪಲು ಎಷ್ಟು ಹೊತ್ತು ಬೇಕು, ಏರಿಯಲ್ಲಿ ಇಲಿಬಿಲವೆಲ್ಲಿ, ಜಿನುಗೆಲ್ಲಿ ಎಂಬುದೆಲ್ಲವೂ ಆತನ ತಲೆಯಲ್ಲಿದ್ದಿತು. ಕೆರೆ ಅರ್ಧಮಾತ್ರ ತುಂಬಿದ ವರ್ಷದಲ್ಲಿ ನೀರಿರುವಷ್ಟೇ ನೆಲವನ್ನು ತೂಬಿನ ಸಮೀಪದಲ್ಲಿ ಗೊತ್ತುಮಾಡಿ, ಅಚ್ಚುಕಟ್ಟಿನ ಒಡೆಯರೆಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ಆ ನೆಲವನ್ನು ಹಂಚಿ ಬೆಳೆಯಿಡುವ ಕ್ರಮವೂ ಕೆಲವು ಕಡೆ ಉಂಟಾಗಿದ್ದಿತು. ದಾಮಾಷಾ ಎಂದು ಅದಕ್ಕೆ ಹೆಸರು. ಎಲ್ಲರಿಗೂ ಸ್ವಲ್ಪ ಸ್ವಲ್ಪ ನೀರು ಬಿಟ್ಟು ಎಲ್ಲರ ಪೈರನ್ನೂ ಒಣಗಿಸುವುದಕ್ಕಿಂತ ಇದು ಎಷ್ಟು ವಿವೇಕದ ಏರ್ಪಾಡೆಂಬುದನ್ನು ವಿವರಿಸಬೇಕಾದುದಿಲ್ಲ.

ನೀರುಗಂಟಿಯ ಕೆಲಸವು ಹುಟ್ಟಿನಿಂದ ಬರುತ್ತಿದ್ದಿತು. ಅದನ್ನು ಮಾಡುತ್ತಿದ್ದವರಲ್ಲಿ ಅನೇಕರನ್ನು ಊರು ತನ್ನ ಹೊರಗಿಟ್ಟಿದ್ದಿತು. ಯಾರ ನೀರಿನ ತಿಳಿವಳಿಕೆಯಿಂದ ಗದ್ದೆ ಬೆಳೆಯುತ್ತಿದ್ದಿತೋ ಆತನಿಗೆ ಕಣದಲ್ಲಿ ಕೊನೆಯ ಮೊರದಷ್ಟು ಧಾನ್ಯ ಸಿಕ್ಕುತ್ತಿದ್ದಿತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಹುದ್ದೆಗಳು ರದ್ದಾದುದು ನ್ಯಾಯವೇ ಸರಿ. ಹುಟ್ಟಿನ ಕಟ್ಟು ಬಿಡಿಸಿದ ಮೇಲೆ ಆ ವಿದ್ಯೆಯನ್ನಾದರೂ ಗೌರವದಿಂದಲೂ ಸಂಬಳದಿಂದಲೂ ಉಳಿಸಿಕೊಳ್ಳಬೇಕಾಗಿತ್ತು. ಹಾಗಾಗಲಿಲ್ಲ. ಅಷ್ಟು ಹೊತ್ತಿಗೆ ಅಚ್ಚುಕಟ್ಟಿನ ದೊಡ್ಡ ಹಿಡುವಳಿದಾರರಿಗೆ ಪಂಪು ಬಂದಿದ್ದಿತು, ಕೆರೆ ಯಾರಿಗೂ ಬೇಡವಾಯಿತು, ಹೂಳು ತುಂಬಿತು, ಜಾಲಿ ಬೆಳೆಯಿತು.

2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಭಾರಿ ಮಳೆಯಾಗಿ, ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ತುಂಬಿ ಕೋಡಿ ಬಿದ್ದುವು. ಜನರು ಹೂವು ಹಣ್ಣು ಅರ್ಪಿಸಿ ಸಂತೋಷಪಟ್ಟರು. ಆದರೆ ಅಂತಹ ಕೆರೆಯ ತೂಬಿನ ಬಿರಡೆಯನ್ನು ಹೇಗೆ ಎತ್ತಬೇಕು, ಯಾವ ಕಾಲುವೆ ಯಾರ ಜಮೀನಿನೊಳಗೆ ಮುಚ್ಚಿಹೋಗಿದೆ, ಎಷ್ಟು ನೀರನ್ನು ದನಕರುಗಳಿಗೆಂದು ಕೆರೆಯಲ್ಲಿ ಉಳಿಸಬೇಕು ಎಂಬ ಪ್ರಶ್ನೆಗಳಿಗೆ ಮೂವತ್ತು ವರ್ಷದೊಳಗಿನ ಯುವಕನು ಉತ್ತರ ಹೇಳುವುದು ಹೇಗೆ? ಆತನು ತನ್ನ ಆಯುಷ್ಯದಲ್ಲಿ ಒಂದು ಸಲವೂ ತೂಬು ಹರಿದುದನ್ನು ನೋಡಿರುವುದಿಲ್ಲ. ಫೋನಿನಲ್ಲಿ ಹುಡುಕಿದರೆ ಜಗತ್ತಿನ ದೊಡ್ಡ ದೊಡ್ಡ ಅಣೆಕಟ್ಟುಗಳ ವಿಷಯವೆಲ್ಲ ಸಿಕ್ಕುವುದು. ತನ್ನೂರಿನ ಕೆರೆಯ ಎರಡನೆಯ ತೂಬಿನ ವಿಷಯ ಸಿಕ್ಕುವುದಿಲ್ಲ. ಅದು ಎಲ್ಲಿಯೂ ಬರೆದಿರಲಿಲ್ಲ.

ಮಳೆಯ ಮುನ್ಸೂಚನೆಯ ವಿಷಯದಲ್ಲಿ ಮಾತ್ರ ಹಿರಿಯರ ಪಕ್ಷವನ್ನು ಪೂರ್ತಿ ವಹಿಸುವಂತಿಲ್ಲ. ಭರಣಿಯಿಂದ ಸ್ವಾತಿಯವರೆಗೆ ಮಳೆ ನಕ್ಷತ್ರಗಳ ಲೆಕ್ಕವು ಬಿತ್ತನೆಯ ಕಾಲವನ್ನು ನೆನಪಿಡಲು ಒಳ್ಳೆಯ ಸೂತ್ರ. ಆದರೆ ಈ ವರ್ಷದ ಆರಿದ್ರೆ ಹೊಯ್ಯುವುದೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಹವಾಮಾನ ಇಲಾಖೆಯು ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರಗಳಂದು, ಬೇಸಾಯಗಾರರಿಗಾಗಿ ಹೊರಡಿಸುತ್ತ ಬಂದಿರುವ ಸಲಹೆಯೂ, 2019ರಲ್ಲಿ ಆರಂಭವಾದ ಮೇಘದೂತ್ ಎಂಬ ಫೋನಿನ ಸಾಧನವೂ ಮುಂದಿನ ಐದು ದಿನಗಳ ಸ್ಥಿತಿಯನ್ನು ತಿಳಿಸುವುವು. ಔಷಧಿ ಸಿಂಪಡಿಸುವವನಿಗೂ, ಕೊಯ್ದ ರಾಗಿಯನ್ನು ಕಣದಲ್ಲಿ ಹಾಕಿದವನಿಗೂ ಇದು ಅಮೂಲ್ಯವಾದ ಸಹಾಯ. ಆದರೆ ಆ ಸೂಚನೆಯು ವಿಶಾಲವಾದ ಒಂದು ಪ್ರದೇಶಕ್ಕೆ ಹೇಳಿದುದು. ಈ ಊರಿನ ಮೇಲೆ ಸುರಿದು ಪಕ್ಕದ ಊರನ್ನು ಬಿಟ್ಟು ಹೋಗುವ ಮೋಡವನ್ನು ಕಾಣದವರಾರು? ತಗಡಿನ ಮಳೆಮಾಪಕವೊಂದನ್ನು ಹೊಲದಲ್ಲಿ ನೆಟ್ಟವನಿಗೆ ತನ್ನ ನೆಲದ ಮೇಲೆ ಬಿದ್ದುದೆಷ್ಟೆಂಬುದು ನಿಜವಾಗಿ ತಿಳಿಯುವುದು. ಒಂದು ಮಿಲಿಮೀಟರು ಮಳೆಯೆಂದರೆ ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು. ಇಪ್ಪತ್ತೈದು ಮಿಲಿಮೀಟರು ಬಿದ್ದ ಮಾರನೆಯ ರಾತ್ರಿಯೂ ಪಂಪು ತಾನಾಗಿ ಓಡುತ್ತಿದ್ದರೆ ಆ ಮನೆಯಲ್ಲಿ ಯಾರೂ ಲೆಕ್ಕ ಹಾಕಲಿಲ್ಲವೆಂದೇ ಅರ್ಥ.

ಹೊಸ ವಿದ್ಯೆಯು ಬುದ್ಧಿಯನ್ನು ಮಲಗಿಸಲೇಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಮಲೆನಾಡಿನ ಅಡಕೆ ತೋಟಗಳೇ ಸಾಕ್ಷಿ. ಕೊಳೆರೋಗವನ್ನು ತಡೆಯಲು ಗೊನೆಗೊನೆಗೂ ಹುಲ್ಲಿನ ಕೊಟ್ಟೆ ಕಟ್ಟುವುದು ಅಲ್ಲಿಯ ಹಳೆಯ ರೂಢಿ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಆ ರೋಗದ ಮೇಲೆ ಪರಿಶೋಧನೆ ನಡೆಸಿ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಕೊಟ್ಟೆ ಕಟ್ಟುವ ಕೈಚಳಕವು ಕ್ರಮೇಣ ಕಡಿಮೆಯಾಯಿತು. ಆದರೆ ಅದರ ಸ್ಥಳದಲ್ಲಿ ಬಂದುದು ಕಣ್ಣುಮುಚ್ಚಿ ಮಾಡುವ ಕೆಲಸವಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಮೈಲುತುತ್ತಕ್ಕೆ ಲೋಹದ ಪಾತ್ರೆ ಕೂಡದು. ಬೆರಸಿದ ಮೇಲೆ ಶುಭ್ರವಾದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತೆ ಎಂದು ನೋಡಬೇಕು. ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಈ ಪರೀಕ್ಷೆಯನ್ನು ತೋಟದ ಕೆಲಸಗಾರನೂ ಬಲ್ಲನು, ಒಡೆಯನೂ ಬಲ್ಲನು. ಹಳೆಯದೊಂದು ನೈಪುಣ್ಯ ಹೋದೆಡೆ ಹೊಸ ನೈಪುಣ್ಯವು ಬಂದು ಕುಳಿತಿತು. ಪಂಪಿನ ವಿಷಯದಲ್ಲಿ ಆ ಸ್ಥಳವು ಬರಿದಾಗಿ ಉಳಿಯಿತು ಎಂಬುದೇ ವ್ಯತ್ಯಾಸ.

ಬರಿದಾದ ಸ್ಥಳವನ್ನು ತುಂಬುವುದು ಅಸಾಧ್ಯವೇನಲ್ಲ. ಅದಕ್ಕೆ ಪಂಪನ್ನು ಕಿತ್ತೆಸೆಯಬೇಕಾದುದೂ ಇಲ್ಲ. ಆರಂಗುಲ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಿ ನಿಲ್ಲುವುದಾದರೆ ನೀರಿಗೆ ಇನ್ನೂ ಅವಸರವಿಲ್ಲ. ಪುಡಿಯಾಗಿ ಉದುರುವುದಾದರೆ ಕೊಡಬೇಕು. ಬರಿ ಮರಳು ನೆಲದಲ್ಲಿ ಮಾತ್ರ ಈ ಪರೀಕ್ಷೆ ಅಷ್ಟು ನಂಬತಕ್ಕುದಲ್ಲ. ನಡುಮಧ್ಯಾಹ್ನದ ಬಿಸಿಲಿಗೆ ಬಾಡಿದ ಎಲೆಯು ಸಂಜೆಗೆ ನೆಟ್ಟಗಾದರೆ ಅದು ಬಿಸಿಲಿನ ಬಾಟವೇ ಹೊರತು ಬಾಯಾರಿಕೆಯಲ್ಲ. ಬೆಳಗಿನ ತಂಪಿನಲ್ಲಿಯೂ ಬಾಡಿದ್ದರೆ ನೀರು ತಡವಾಯಿತೆಂದು ತಿಳಿಯಬೇಕು. ಇವನ್ನು ಕಲಿಯಲು ಹತ್ತು ನಿಮಿಷ ಸಾಕು. ಪ್ರತಿದಿನವೂ ಹೊಲಕ್ಕೆ ಹೋಗಿ ನೋಡುವ ಮನಸ್ಸು ಮಾತ್ರ ಬೇಕು. ಆಟೋಮ್ಯಾಟಿಕ್ ಪೆಟ್ಟಿಗೆಯನ್ನು ಇಟ್ಟುಕೊಳ್ಳಲೇಬೇಕೆನ್ನುವವರು, ಹೊತ್ತು ಗೊತ್ತುಮಾಡಿ ನಿಲ್ಲಿಸುವ ಟೈಮರನ್ನೂ ನೀರಿಲ್ಲದಾಗ ಮೋಟಾರನ್ನು ತಡೆಯುವ ಸಾಧನವನ್ನೂ ಅದರೊಡನೆ ಜೋಡಿಸಬಹುದು. ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂಬ ಲೆಕ್ಕವನ್ನು ಆಗಲೂ ಮನುಷ್ಯನೇ ಹಾಕಬೇಕು.

ಕೆರೆಯ ವಿಷಯದಲ್ಲಿ ಗ್ರಾಮದ ಮುಖಂಡರ ಹೊಣೆಯು ಹೆಚ್ಚಿನದು, ಅವಸರದ್ದೂ ಹೌದು. ತೂಬು ಹರಿದುದನ್ನು ಕಂಡ ಮುದುಕರು ಇನ್ನೂ ಕೆಲವರು ಉಳಿದಿರುವರು. ಅವರನ್ನು ಒಂದು ದಿನ ಗಾಡಿಯಲ್ಲಿ ಕೂರಿಸಿಕೊಂಡು ಏರಿಯ ಮೇಲೆ ಕರೆದೊಯ್ದು, ಶಾಲೆಯ ದೊಡ್ಡ ಹುಡುಗರ ಕೈಗೆ ಕಾಗದ ಕೊಟ್ಟು, ಕಾಲುವೆ ಕಾಲುವೆಯಾಗಿ ನಡೆಸಿ ಬರೆಯಿಸಬಹುದು. ಹುಡುಗರ ಫೋನುಗಳು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುವುವು: ಮುದುಕನ ಮಾತನ್ನು ಅವನ ದನಿಯಲ್ಲಿಯೇ ಹಿಡಿದಿಡಬಹುದು, ಮುಚ್ಚಿಹೋದ ಮಡೆಯ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಬಹುದು. ಕೆರೆಯ ನೀರನ್ನು ಹಂಚುವವನಿಗೆ ಅಚ್ಚುಕಟ್ಟಿನವರೆಲ್ಲ ಸೇರಿ ನಗದು ಸಂಬಳ ಗೊತ್ತುಮಾಡುವುದೂ, ಆ ಕೆಲಸಕ್ಕೆ ಯಾವ ಮನೆಯ ಹುಡುಗನಾದರೂ ಬರಬಹುದೆಂದು ಸಭೆಯಲ್ಲಿಯೇ ಹೇಳುವುದೂ ಆವಶ್ಯಕ. ಹಿಂದೆ ಮೊರದಲ್ಲಿ ಧಾನ್ಯ ಕೊಟ್ಟು ಮುಗಿಸಿದ ಋಣವು ಅಷ್ಟರಿಂದ ತೀರುವುದಿಲ್ಲವೆಂಬುದು ಬೇರೆ ಮಾತು.

ಕೊಳವೆ ಬಾವಿಯುಳ್ಳವರು ಬೇಸಗೆಯ ಬೆಳೆಗೆ ಭೂಮಿ ಸಿದ್ಧಪಡಿಸುವ ಮೊದಲು ಒಂದು ಸಣ್ಣ ಲೆಕ್ಕವನ್ನು ತಾವೇ ಮಾಡಿ ನೋಡತಕ್ಕದ್ದು. ಇನ್ನೂರು ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡುಗಳಾದುವೆಂದು ಗಡಿಯಾರದಲ್ಲಿ ನೋಡಬೇಕು. ನೂರು ಸೆಕೆಂಡು ಹಿಡಿದರೆ ಗಂಟೆಗೆ 7,200 ಲೀಟರು ಬಂದಂತಾಯಿತು. ಎಕರೆಗೆ ಒಂದಂಗುಲ ನೀರು ಕೊಡಲು ಆ ಬಾವಿಗೆ ಹದಿನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ವಿದ್ಯುತ್ತು ದಿನಕ್ಕೆ ಏಳು ಗಂಟೆ ಬಂದಿತೆಂದರೆ ಎರಡು ದಿನ. ಪೈರಿಗೆ ವಾರಕ್ಕೊಂದು ಸಲ ಎರಡಂಗುಲದಂತೆ ಹಾಯಿಸುವುದಾದರೆ ಒಂದು ಎಕರೆಗೇ ನಾಲ್ಕು ದಿನಗಳು ಹೋಗುವುವು. ಎರಡು ಎಕರೆ ನಾಟಿ ಮಾಡಿದವನಿಗೆ ವಾರದಲ್ಲಿ ಎಂಟು ದಿನಗಳಿರಬೇಕು. ಇದೇ ಅಳತೆಯನ್ನು ಸಂಕ್ರಾಂತಿಯಂದು ಒಮ್ಮೆ, ಯುಗಾದಿಯಂದು ಒಮ್ಮೆ ಮಾಡಿ, ಪಂಪುಮನೆಯ ಗೋಡೆಯ ಮೇಲೆ ಇದ್ದಲಿನಿಂದ ತಾರೀಖು ಸಹಿತ ಬರೆದಿಟ್ಟರೆ, ನೂರು ಸೆಕೆಂಡು ನೂರಿಪ್ಪತ್ತಾಯಿತೋ ನೂರೈವತ್ತಾಯಿತೋ ಎಂಬುದು ಮನೆಯವರೆಲ್ಲರ ಕಣ್ಣಿಗೂ ಬೀಳುವುದು.